ಗಿಡದ ಹಾವನ್ನು ಹಾವಿನ ಗಿಡವೆಂದು ಸಾಕಿ ಸಲಹುವ ಬಗ್ಗೆ

ಜಿಲ್ಲಾ ಸಸಿಪಾಲನಾ ಕೇಂದ್ರ, ಬಾಗಲಕೋಟೆ
(ಇಲಾಖೆಯ ಹೆಸರು ಬದಲಾಗುತ್ತಿದೆ. ಹಳೆಯ ಫಲಕ ಇಳಿಸಲಾಗಿದೆ, ಹೊಸದು ಬಂದಿರುವುದಿಲ್ಲ.)

ಸಂಖ್ಯೆ: ಜಿಸಪಾಕೇ/ಗಿಡ/ಹಾವು/ಪುನಃ ಗಿಡ/೧೭/೨೦೨೫-೨೬
ದಿನಾಂಕ: ೨೦-೦೮-೨೦೨೫

ಸುತ್ತೋಲೆ

ವಿಷಯ: ಈ ಕೇಂದ್ರದ ವಶದಲ್ಲಿರುವ ಆಫ್ರಿಕನ್ ಗಿಡದ ಹಾವನ್ನು (ಪ್ರಧಾನ ಕಚೇರಿಯ ದಾಖಲೆಯಂತೆ: ಆಫ್ರಿಕನ್ ಹಾವಿನ ಗಿಡ) ಸಾಕುವುದು, ಅದಕ್ಕೆ ಆಹಾರ ಹಾಕುವುದು ಹಾಗೂ ದಿನಾಂಕ ೨೫-೦೮-೨೦೨೫ರೊಳಗೆ ಅದನ್ನು ತುಂಡರಿಸಿ ತಾಲೂಕುಗಳಿಗೆ ಹಂಚುವ ಕುರಿತು.

ಉಲ್ಲೇಖ:
(ಅ) ಇಲಕಲ್ ಬಸ್ ನಿಲ್ದಾಣದಲ್ಲಿ ಬರೆದ ಪಂಚನಾಮೆ, ದಿನಾಂಕ ೧೬-೦೬-೨೦೨೫.
(ಆ) ಪ್ರಧಾನ ಕಚೇರಿ, ಬೆಂಗಳೂರು ಇವರ ತಿದ್ದುಪಡಿ ಪತ್ರ, ದಿನಾಂಕ ೩೦-೦೬-೨೦೨೫.
(ಇ) ಪ್ರಧಾನ ಕಚೇರಿಯ ತುಂಡರಿಸುವ ಆದೇಶ, ದಿನಾಂಕ ೦೫-೦೮-೨೦೨೫.
(ಈ) ಈ ಕಚೇರಿಯಿಂದ ಹೋದ ನಾಲ್ಕು ಪತ್ರಗಳು ಮತ್ತು ಅವುಗಳಿಗೆ ಬಂದ, ಬರಬಾರದಿದ್ದ, ನಾಲ್ಕು ಉತ್ತರಗಳು.
(ಉ) ದಿನಗೂಲಿ ನೌಕರರಾದ ಶ್ರೀಮತಿ ರೇಣವ್ವ ಇವರ ಹೇಳಿಕೆ, ದಿನಾಂಕ ೧೩-೦೮-೨೦೨೫.
(ಊ) ದಿನಾಂಕ ೧೯-೦೮-೨೦೨೫ರ ಬೆಳಿಗ್ಗೆ ಬೇವಿನ ಕೊಂಬೆಯ ಮೇಲೆ ಕಂಡುಬಂದ ವಸ್ತು.

ಪೀಠಿಕೆ:

ಉಲ್ಲೇಖ (ಅ)ರಂತೆ, ಇಲಕಲ್ ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದೆ ಮೂರು ತಾಸು ಕುಳಿತಿದ್ದ ಕಟ್ಟಿಗೆಯ ಪೆಟ್ಟಿಗೆಯೊಂದನ್ನು, ಸೀರೆಗಳಿರಬಹುದೆಂಬ ಸದುದ್ದೇಶದಿಂದ ಸಾರ್ವಜನಿಕರೊಬ್ಬರು ತೆರೆದಿರುತ್ತಾರೆ. ಅದರಲ್ಲಿ ಐದು ಅಡಿ ಉದ್ದದ, ಕಂದು ಬಣ್ಣದ, ಮುಖಕ್ಕೆ ಮೀರಿದ ದೊಡ್ಡ ಕಣ್ಣುಗಳುಳ್ಳ ಹಾವೊಂದು ಕಂಡುಬಂದಿರುತ್ತದೆ. ತೆರೆದವರು ಆನಂತರ ಎಲ್ಲಿಯೂ ಕಂಡುಬಂದಿರುವುದಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಆಫ್ರಿಕನ್ ಟ್ರೀ ಸ್ನೇಕ್' ಎಂದು ಬರೆಯಲಾಗಿದ್ದು, ಕಳಿಸಿದವರ ಹೆಸರಿನ ಜಾಗದಲ್ಲಿ ನೀರು ಬಿದ್ದಿರುತ್ತದೆ.

ಆ ಸಮಯದಲ್ಲಿ ಬಾಗಲಕೋಟೆಯ ಬಸ್ಸಿಗಾಗಿ ಕಾಯುತ್ತಿದ್ದ ಈ ಕೇಂದ್ರದ ಪ್ರಥಮ ದರ್ಜೆ ಸಹಾಯಕ ಶ್ರೀ ಶಂಕ್ರಪ್ಪ ಇವರು, ಸುತ್ತ ನಿಂತಿದ್ದವರಲ್ಲಿ ಪೆನ್ನು ಇದ್ದ ಏಕೈಕ ಸರ್ಕಾರಿ ನೌಕರರಾಗಿದ್ದ ಕಾರಣ, ಪಂಚನಾಮೆ ಬರೆಯುವುದು ಅವರ ಪಾಲಿಗೆ ಬಂದಿತು. ಅವರು 'ಟ್ರೀ ಸ್ನೇಕ್' ಎಂಬುದನ್ನು 'ಗಿಡದ ಹಾವು' ಎಂದು ಕನ್ನಡಿಸಿರುತ್ತಾರೆ. 'ಗಿಡ' ಎಂಬ ಪದ ಎಲ್ಲಿ ಕಂಡರೂ ಆ ವಸ್ತು ಈ ಕೇಂದ್ರಕ್ಕೇ ಬರತಕ್ಕದ್ದು ಎಂಬ ನಿಯಮವಿದೆ. ಆದುದರಿಂದ ಹಾವು ಅಂದೇ ಸಂಜೆಯೊಳಗೆ ಕಚೇರಿಯ ಜೀಪಿನ ಹಿಂದಿನ ಸೀಟಿನಲ್ಲಿಯೂ, ಶ್ರೀ ಶಂಕ್ರಪ್ಪನವರು ಜೀಪಿನ ಬಾನೆಟ್ಟಿನ ಮೇಲೆಯೂ ಕುಳಿತು ಬಾಗಲಕೋಟೆ ತಲುಪಿರುತ್ತಾರೆ.

ಪಂಚನಾಮೆಯ ಪ್ರತಿ ಪ್ರಧಾನ ಕಚೇರಿಗೆ ಹೋಯಿತು. ಅಲ್ಲಿನವರ ಕನ್ನಡದಲ್ಲಿ ಗಿಡವೆಂದರೆ ಕುಂಡದಲ್ಲಿ ಹಿಡಿಸುವಂಥದ್ದು. ಗಿಡದಲ್ಲಿ ಹಾವೇ, ಇದೆಲ್ಲಿಯಾದರೂ ಉಂಟೇ ಎಂದು ಅವರು ಯೋಚಿಸಿ, ಕಚೇರಿಗಳ ಮೇಜಿನ ಮೇಲೆ ಇಡುವ ಉದ್ದೆಲೆಯ 'ಹಾವಿನ ಗಿಡ' ಆಫ್ರಿಕಾ ಮೂಲದ್ದೇ ಎಂದು ಪುಸ್ತಕದಲ್ಲಿ ಕಂಡುಕೊಂಡು, ಶ್ರೀ ಶಂಕ್ರಪ್ಪನವರು ಎರಡು ಪದಗಳನ್ನು ಹಿಂದುಮುಂದು ಮಾಡಿದ್ದಾರೆಂದು ತೀರ್ಮಾನಿಸಿ, ಉಲ್ಲೇಖ (ಆ)ರಂತೆ 'ಗಿಡದ ಹಾವು' ಎಂಬುದನ್ನು 'ಹಾವಿನ ಗಿಡ' ಎಂದು ಕೆಂಪು ಶಾಯಿಯಲ್ಲಿ ತಿದ್ದಿರುತ್ತಾರೆ. ತಿದ್ದಿದ ನಂತರ ಅದು ಸರ್ಕಾರದ ಸತ್ಯವಾಗಿರುತ್ತದೆ.

'ಮರ' ಎಂದು ಯಾಕೆ ಬರೆಯಲಿಲ್ಲ ಎಂದು ಶ್ರೀ ಶಂಕ್ರಪ್ಪನವರಿಂದ ವಿವರಣೆ ಕೇಳಲಾಗಿ, ಅವರು ಸಲ್ಲಿಸಿದ ವಿವರಣೆಯನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

"ಗಿಡಕ್ಕ ಗಿಡ ಅನ್ನದ ಮತ್ತೇನ್ ಅನ್ಬೇಕ್ರಿ? ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ ಅಂತನ ನಮ್ಮಪ್ಪ ಕಲಿಸ್ಯಾನ. ನಮ್ಮ ಕಡೆ ಮರ ಅಂದ್ರ ಜ್ವಾಳಾ ಕೇರಿ ಹಸನ ಮಾಡೂದ್ರಿ, ನೀವು ಮೊರ ಅಂತೀರಲ್ಲ, ಅದು. ನಾ ಮರದ ಹಾವು ಅಂತ ಬರದಿದ್ರ, ಹಾವನ್ನ ಮರದಾಗ ಹಾಕಿ ಕೇರಿ ಕಳಸ್ರಿ ಅಂತ ಆರ್ಡರ್ ಬರತಿತ್ತು. ಇದರಕಿಂತ ಅದು ಚೊಲೋ ಇತ್ತೇನ್ರಿ?"

ಸದರಿ ವಿವರಣೆಯನ್ನು ಈ ಕಚೇರಿ ಒಪ್ಪಿರುತ್ತದೆ. ಪ್ರಧಾನ ಕಚೇರಿ ಒಪ್ಪಿರುವುದಿಲ್ಲ. ಈ ಹಿನ್ನೆಲೆಯಲ್ಲಿ ಬಾಗಲಕೋಟೆ ಕೇಂದ್ರ ಹಾಗೂ ಬಾದಾಮಿ, ಹುನಗುಂದ, ಇಲಕಲ್ ಶಾಖೆಗಳ ಸಮಸ್ತ ಸಿಬ್ಬಂದಿ ಕೆಳಕಂಡ ಕಂಡಿಕೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೧. ಹೆಸರು: ಪತ್ರ ವ್ಯವಹಾರದಲ್ಲಿ ಸದರಿ ಜೀವಿಯನ್ನು 'ಗಿಡ' ಎಂದೇ ನಮೂದಿಸತಕ್ಕದ್ದು. ಪಂಜರದ ಬಾಗಿಲಿನ ಹತ್ತಿರ ಹೋದಾಗ ಮಾತ್ರ ಅದನ್ನು ಹಾವೆಂದು ಭಾವಿಸತಕ್ಕದ್ದು. ಕಾಗದವನ್ನು ನಂಬಿ ಒಳಗೆ ಕೈ ಹಾಕುವ ನೌಕರರ ಕುಟುಂಬಕ್ಕೆ ಕಾಗದದಲ್ಲಿಯೇ ಸಾಂತ್ವನ ಹೇಳಲಾಗುವುದು. ಪಂಜರ ನೋಡಿಕೊಳ್ಳುವ ಶ್ರೀಮತಿ ರೇಣವ್ವ ಇವರು ಇದನ್ನು 'ಪರದೇಶವ್ವ' ಎಂದು ಕರೆಯುತ್ತಿರುವುದು ಗಮನಕ್ಕೆ ಬಂದಿದೆ. ಸರ್ಕಾರಿ ಗಿಡಕ್ಕೆ ಹೆಸರಿಟ್ಟು ಕರೆಯಲು ಅವಕಾಶವಿರುವುದಿಲ್ಲ. ಕರೆದರೆ ಅದು ತಿರುಗಿ ನೋಡುತ್ತದೆ ಎಂಬುದು ಸಮರ್ಥನೆಯಾಗಲಾರದು.

೨. ವಸತಿ ಮತ್ತು ಹಾಜರಾತಿ: ಗಿಡವನ್ನು ಹನ್ನೆರಡು ಇಂಚಿನ ಕುಂಡದಲ್ಲಿ ಇಡಬೇಕೆಂದು ಪ್ರಧಾನ ಕಚೇರಿಯ ಆದೇಶವಿದೆ. ಹಾವು ಕುಂಡದಲ್ಲಿ ಕೂಡ್ರಲು ಒಪ್ಪಿರುವುದಿಲ್ಲ. ಈ ಜಾತಿ ನೆಲಕ್ಕೆ ಇಳಿಯುವುದು ಅಪರೂಪ, ಎತ್ತರ ಬೇಕು, ಕೊಂಬೆ ಬೇಕು ಎಂದು ಹುನಗುಂದದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಶ್ರೀಮತಿ ಜುಲೇಖಾ ಇವರು ಖುದ್ದಾಗಿ ಬಂದು ತಿಳಿಸಿದ ಮೇರೆಗೆ, ಇಲಕಲ್ಲಿನಿಂದ ತಂದ ಹಳೆಯ ಮಗ್ಗದ ಚೌಕಟ್ಟನ್ನು ನಿಲ್ಲಿಸಿ, ಗಾಜು ಮತ್ತು ಸಣ್ಣ ಕಣ್ಣಿನ ಜಾಳಿಗೆ ಕೂಡಿಸಿ, ಆಳೆತ್ತರದ ಪಂಜರ ಮಾಡಲಾಗಿದೆ. ಕುಂಡವನ್ನು ಕಲಾದಗಿಯ ಕೆಂಪು ಮಣ್ಣು ತುಂಬಿ ಪಂಜರದ ಮೂಲೆಯಲ್ಲಿ ಇಡಲಾಗಿದೆ. ತನಿಖೆಗೆ ಬಂದವರು 'ಕುಂಡ ಎಲ್ಲಿ' ಎಂದರೆ ಕುಂಡ ತೋರಿಸತಕ್ಕದ್ದು. 'ಗಿಡ ಎಲ್ಲಿ' ಎಂದರೆ ಚಹಾ ತರಿಸತಕ್ಕದ್ದು.

ಹಾವು ತಾಸುಗಟ್ಟಲೆ ಅಲುಗಾಡದೆ ಕೊಂಬೆಯಾಗಿಬಿಡುವ ಕಾರಣ, ಅದು ಇದೆಯೋ ಇಲ್ಲವೋ ಎಂಬ ಬಗ್ಗೆ ದಿನಾಲು ಹತ್ತು ಗಂಟೆಗೆ ಸಿಬ್ಬಂದಿಯಲ್ಲಿ ವಾದ ನಡೆಯುತ್ತಿರುತ್ತದೆ. ಇನ್ನು ಮುಂದೆ ವಾದ ಮಾಡಬಾರದು. ಪಂಜರದಲ್ಲಿ ಬೇವಿನ ಕೊಂಬೆಗಳನ್ನು ಎಣಿಸಿಯೇ ಐದು ಇಡಲಾಗಿದೆ. ಆರು ಇದ್ದರೆ ಹಾವು ಹಾಜರು. ಐದೇ ಇದ್ದರೆ ಎಣಿಸಿದವರು ಎರಡನೆಯ ಸಲ ಎಣಿಸದೆ ಓಡತಕ್ಕದ್ದು, ಹಾಗೂ ಓಡುವಾಗ ಬಾಗಿಲು ಹಾಕಿಕೊಂಡು ಹೋಗತಕ್ಕದ್ದು.

೩. ನೀರು: ಗಿಡಕ್ಕೆ ದಿನಕ್ಕೆರಡು ಸಲ ನೀರು ಸಿಂಪಡಿಸಬೇಕೆಂಬ ಪ್ರಧಾನ ಕಚೇರಿಯ ಆದೇಶವನ್ನು ಪಾಲಿಸಲಾಗುತ್ತಿದೆ. ಈ ಹಾವು ಬಟ್ಟಲಿನ ನೀರನ್ನು ಮುಟ್ಟದೆ, ಎಲೆಯ ಮೇಲಿನ ಹಾಗೂ ತನ್ನ ಮೈಮೇಲಿನ ಹನಿಗಳನ್ನೇ ಕುಡಿಯುವುದರಿಂದ ಆದೇಶವು ಅದಕ್ಕೆ ಸರಿಹೊಂದಿದೆ. ಪ್ರಧಾನ ಕಚೇರಿ ಮತ್ತು ಹಾವು, ಈ ಇಬ್ಬರೂ ಸಹಮತಕ್ಕೆ ಬಂದಿರುವ ವಿಷಯ ಇದೊಂದೇ ಆಗಿರುತ್ತದೆ.

೪. ಆಹಾರ: ಗಿಡಕ್ಕೆ ವಾರಕ್ಕೆ ಅರ್ಧ ಕಿಲೋ ಎರೆಹುಳು ಗೊಬ್ಬರ ಮಂಜೂರಾಗಿದೆ. ತಿದ್ದುಪಡಿ ಪತ್ರ ಬಂದ ಮೇಲೆ ಒಂದು ವಾರ ಗೊಬ್ಬರವನ್ನೇ ನೀಡಲಾಯಿತು. ಹಾವು ಅದರ ಕಡೆ ನೋಡಲಿಲ್ಲ. ಗೊಬ್ಬರದ ಲೆಕ್ಕದಲ್ಲಿಯೇ ಇಲಿ ಹಾಕಿ ನೋಡಲಾಯಿತು. ಇಲಿ ಗೊಬ್ಬರದಲ್ಲಿ ಮನೆ ಮಾಡಿಕೊಂಡು ಸುಖವಾಗಿ ಇದ್ದುಬಿಟ್ಟಿತು. ತನ್ನ ದೇಶದಲ್ಲಿ ಈ ಹಾವು ಬಣ್ಣ ಬದಲಿಸುವ ಗೋಸುಂಬೆಗಳನ್ನು ತಿಂದು ಬದುಕುವಂಥದ್ದು, ಇಲ್ಲಿ ಓತಿಕ್ಯಾತ ಅಥವಾ ಹಲ್ಲಿಯನ್ನು ಮೇಲಿನ ಕಿಂಡಿಯಿಂದ ಬಿಟ್ಟರೆ ತಿನ್ನಬಹುದು ಎಂದು ಶ್ರೀಮತಿ ಜುಲೇಖಾ ಇವರು ತಿಳಿಸಿದರು. ಗಿಡದ ಆಹಾರ ಪಟ್ಟಿಯಲ್ಲಿ ಹಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ತಿನ್ನಿಸಲು ಬರುವುದಿಲ್ಲ. ಹೀಗೆ ಬಂದ ದಿನದಿಂದ ಇಪ್ಪತ್ಮೂರು ದಿನ ಹಾವು ಉಪವಾಸ ಇದ್ದ ಬಳಿಕ, ಒಂದು ಮುಂಜಾನೆ ಅದರ ಹೊಟ್ಟೆಯ ನಡುವೆ ಸಣ್ಣ ಉಬ್ಬು ಕಂಡುಬಂದಿತು. ಅಂದಿನಿಂದ ಹಾವು ಗೆಲುವಾಗಿದೆ. ರೇಣವ್ವನವರ ಸೆರಗಿನ ಗಂಟಿನಲ್ಲಿ ಏನು ಅಲುಗಾಡುತ್ತದೆ ಎಂದು ಈ ಕಚೇರಿ ಕೇಳಿರುವುದಿಲ್ಲ.

ಆದುದರಿಂದ ಇನ್ನು ಮುಂದೆ ವಹಿಯಲ್ಲಿ ಹೀಗೆ ಬರೆಯತಕ್ಕದ್ದು: "ಗಿಡದ ಮೇಲೆ ಹಲ್ಲಿಯ ಬಾಧೆ ಕಂಡುಬಂದಿದ್ದು, ಗಿಡವು ಅದನ್ನು ತಾನೇ ನಿವಾರಿಸಿಕೊಂಡಿರುತ್ತದೆ."

೫. ಹಲ್ಲಿಗಳ ಸಂಗ್ರಹ: ಕಚೇರಿಯ ಗೋಡೆಯ ಮೇಲಿರುವ ಹಲ್ಲಿಗಳು ಸರ್ಕಾರಿ ಆಸ್ತಿಯಾಗಿದ್ದು, ಮನೆಯಿಂದ ತಂದವು ಖಾಸಗಿ ಕೊಡುಗೆಯಾಗಿರುತ್ತವೆ. ಇವೆರಡನ್ನು ಒಂದೇ ಡಬ್ಬಿಯಲ್ಲಿ ಇಡಬಾರದು. ಬಾಲ ಕಳಚಿಕೊಂಡು ಬಂದ ಹಲ್ಲಿಯನ್ನು ಪೂರ್ಣ ಹಲ್ಲಿಯೆಂದೇ ಪರಿಗಣಿಸತಕ್ಕದ್ದು. ಬಾಲವನ್ನು ಇನ್ನೊಂದು ಹಲ್ಲಿಯೆಂದು ತೋರಿಸಿದ ಬಾದಾಮಿ ಶಾಖೆಗೆ ಎಚ್ಚರಿಕೆ ನೀಡಲಾಗಿದೆ.

ಸಭಾಂಗಣದ ಹಲ್ಲಿಗಳು ಬಹುತೇಕ ಖಾಲಿಯಾದ ಮೇಲೆ ಹೊಸ ತೊಂದರೆ ಉದ್ಭವಿಸಿದೆ. ಮೊದಲು ಮಾಸಿಕ ಸಭೆಯಲ್ಲಿ ಯಾರಾದರೂ ಪ್ರಗತಿ ವರದಿ ಓದುವಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ, ಎಲ್ಲರೂ 'ಖರೇ ಐತಿ' ಎಂದು ಮೇಜು ಬಡಿದು ವರದಿಯನ್ನು ಅಂಗೀಕರಿಸುವ ರೂಢಿ ಇತ್ತು. ಈಗ ಎರಡು ಸಭೆಗಳಿಂದ ಯಾರ ಮಾತಿಗೂ ಲೊಚಗುಟ್ಟುವವರಿಲ್ಲದೆ ಹನ್ನೊಂದು ವರದಿಗಳು ಬಾಕಿ ಉಳಿದಿವೆ. ಆದ್ದರಿಂದ ಗಡಿಯಾರದ ಹಿಂದೆ ಅಡಗಿ ಉಳಿದಿರುವ ಒಂದೇ ದಪ್ಪ ಹಲ್ಲಿಯನ್ನು ಸಭೆಯ ಕೆಲಸಕ್ಕಾಗಿ ಕಾಯ್ದಿರಿಸಲಾಗಿದೆ. ಅದನ್ನು ಯಾರೂ ಹಿಡಿಯಬಾರದು. ಉಲ್ಲೇಖ (ಆ)ರ ತಿದ್ದುಪಡಿ ಪತ್ರವನ್ನು ಸಭೆಯಲ್ಲಿ ಓದಿದಾಗ ಸದರಿ ಹಲ್ಲಿ ಮೌನವಾಗಿತ್ತೆಂದು ನಡಾವಳಿಯಲ್ಲಿ ದಾಖಲಾಗಿದೆ.

೬. ಕಡಿತ: ಈ ಹಾವಿನ ವಿಷ ಘನವಾದದ್ದು. ಅದಕ್ಕೆ ಮದ್ದು ತಯಾರಾಗುವುದು ಅದರ ದೇಶದಲ್ಲಿಯೇ ಹೊರತು ನಮ್ಮ ಕಡೆಯ ಯಾವ ದವಾಖಾನೆಯಲ್ಲಿಯೂ ಸಿಗುವುದಿಲ್ಲ. ಆದುದರಿಂದ ಕಚ್ಚಿಸಿಕೊಳ್ಳಲು ಪೂರ್ವಾನುಮತಿ ಕಡ್ಡಾಯ. ಅರ್ಜಿಯನ್ನು ಮೂರು ಪ್ರತಿಗಳಲ್ಲಿ, ಕಚ್ಚುವ ಹದಿನೈದು ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದು. ಅರ್ಜಿ ಪರಿಶೀಲನೆಯಲ್ಲಿರುವಾಗ ಹಾವು ಕಚ್ಚಲು ಬಂದರೆ, ವಿಷಯವು ಪರಿಶೀಲನೆಯಲ್ಲಿದೆ ಎಂದು ಅದಕ್ಕೆ ತಿಳಿಸತಕ್ಕದ್ದು. ತಿಳಿಸಿ ದೂರ ಸರಿಯತಕ್ಕದ್ದು. ಹಾವು ಕುತ್ತಿಗೆ ಉಬ್ಬಿಸಿದರೆ ಅದು ತನಿಖಾಧಿಕಾರಿಗೆ ತೋರಿಸಿದ ಗೌರವವೆಂದು ತಿಳಿಯಬಾರದು; ಹುನಗುಂದ ಶಾಖೆಯವರು ಹಾಗೆ ತಿಳಿದು ಮರುನಮಸ್ಕಾರ ಮಾಡಿರುತ್ತಾರೆ. ಪಂಜರದ ಕೀಲಿಯು ಶ್ರೀಮತಿ ರೇಣವ್ವ ಇವರ ಸೊಂಟದಲ್ಲಿ ಮಾತ್ರ ಇರತಕ್ಕದ್ದು. ಅವರು ಇಷ್ಟು ದಿನಗಳಲ್ಲಿ ಒಂದು ಸಲವೂ ಹಾವನ್ನು ಮುಟ್ಟಿರುವುದಿಲ್ಲ, ಮುಟ್ಟಲು ಯಾರಿಗೂ ಬಿಟ್ಟಿರುವುದಿಲ್ಲ.

೭. ನಾಗರ ಪಂಚಮಿ: ದಿನಾಂಕ ೨೯-೦೭-೨೦೨೫ರಂದು ಸುತ್ತಲಿನ ಓಣಿಗಳ ಹೆಣ್ಣುಮಕ್ಕಳು ಹಾಲು, ನೆನೆಸಿದ ಕಡಲೆ, ಜೋಳದ ಅಳ್ಳು, ತಂಬಿಟ್ಟು ಹಿಡಿದು ಪಂಜರದ ಮುಂದೆ ಸಾಲಾಗಿ ನಿಂತಿದ್ದರು. ಈ ಹಾವಿಗೆ ಹೆಡೆ ಇಲ್ಲ, ಇದು ನಾಗರ ಅಲ್ಲ, ಕಾಗದದಲ್ಲಿ ಹಾವೂ ಅಲ್ಲ ಎಂದು ಧ್ವನಿವರ್ಧಕದಲ್ಲಿ ಮೂರು ಸಲ ತಿಳಿಸಲಾಯಿತು. ಅವರು ಕೇಳಿಸಿಕೊಂಡು ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎನ್ನುತ್ತ ಹಾಲನ್ನೂ ಕಡಲೆಯನ್ನೂ ಜಾಳಿಗೆಯ ಸಂದಿನಿಂದಲೇ ಕುಂಡಕ್ಕೆ ಎರೆದರು. ಎರಡು ದಿನಗಳ ನಂತರ ಕುಂಡದಲ್ಲಿ ಕಡಲೆ ಮೊಳಕೆ ಒಡೆದಿದ್ದು, ಕೂಡಲೇ ಅದರ ಛಾಯಾಚಿತ್ರ ತೆಗೆದು 'ಗಿಡ ಚಿಗುರಿರುತ್ತದೆ' ಎಂದು ಪ್ರಧಾನ ಕಚೇರಿಗೆ ವರದಿ ಕಳಿಸಲಾಯಿತು.

ಇದೇ ಈ ಕಚೇರಿಯ ತಪ್ಪು. ಚಿಗುರಿದ ಗಿಡವನ್ನು ಹೆಚ್ಚಿಸಬಹುದು ಎಂದು ಪ್ರಧಾನ ಕಚೇರಿಗೆ ಹೊಳೆದದ್ದು ಆ ಛಾಯಾಚಿತ್ರದಿಂದ. ವರದಿಗೆ ಸಹಿ ಹಾಕಿದವರು ಕೆಳಗೆ ಸಹಿ ಹಾಕುವವರೇ ಆಗಿರುತ್ತಾರೆ.

೮. ತುಂಡರಿಸುವ ಆದೇಶ: ಉಲ್ಲೇಖ (ಇ)ರಂತೆ, ಹಾವಿನ ಗಿಡದ ಎಲೆಯನ್ನು ನಾಲ್ಕು ಬೆರಳಿನ ತುಂಡುಗಳಾಗಿ ಕತ್ತರಿಸಿ ನೆಟ್ಟರೆ ಪ್ರತಿ ತುಂಡೂ ಹೊಸ ಗಿಡವಾಗುವ ಕಾರಣ, ಸದರಿ ಗಿಡದ ಭಾಗವನ್ನು ಹಾಗೆಯೇ ತುಂಡರಿಸಿ ಬಾದಾಮಿ, ಹುನಗುಂದ ಹಾಗೂ ಇಲಕಲ್ ಶಾಖೆಗಳಿಗೆ ತಲಾ ಒಂದರಂತೆ ದಿನಾಂಕ ೨೫ರೊಳಗೆ ಹಂಚಬೇಕು. ಕತ್ತರಿ ಹಿಡಿಯಲು ಒಪ್ಪದ ದಿನಗೂಲಿಯವರನ್ನು ಪಟ್ಟಿಯಿಂದ ಕೈಬಿಡಬೇಕು.

ಆದೇಶ ತಲುಪಿದ ದಿನವೇ ಈ ಕಚೇರಿ ಪತ್ರ ಬರೆದಿದೆ. ಆ ಪತ್ರ ವ್ಯವಹಾರದ ಸಾರಾಂಶ ಎಲ್ಲರ ಮಾಹಿತಿಗಾಗಿ:

ಈ ಕಚೇರಿ: ಸದರಿ ಗಿಡಕ್ಕೆ ಜೀವವಿದೆ. ಉತ್ತರ: ಎಲ್ಲ ಗಿಡಗಳಿಗೂ ಜೀವವಿದೆ, ಇದು ಪ್ರಾಥಮಿಕ ಶಾಲೆಯ ಪಾಠ.

ಈ ಕಚೇರಿ: ಅದು ಹರಿದಾಡುತ್ತದೆ. ಉತ್ತರ: ಬಳ್ಳಿಯ ಗುಣ ಬಂದಿರಬಹುದು, ಆಸರೆಗೆ ಕೋಲು ನೆಟ್ಟು ದಾರದಿಂದ ಕಟ್ಟಿ.

ಈ ಕಚೇರಿ: ಅದಕ್ಕೆ ಎರಡು ಕಣ್ಣುಗಳಿವೆ. ಉತ್ತರ: ಕಬ್ಬಿನ ಜಿಲ್ಲೆಯವರಾಗಿ ತಮಗೆ ತಿಳಿಯದೇ? ಎರಡು ಕಣ್ಣಿರುವ ತುಂಡೇ ನಾಟಿಗೆ ಉತ್ತಮ. ಮೊದಲು ಅದನ್ನೇ ಕತ್ತರಿಸಿ.

ಮೂರನೆಯ ಉತ್ತರ ಓದಿದ ಮೇಲೆ ಈ ಕಚೇರಿಯಲ್ಲಿ ಅಂದು ಯಾರೂ ಊಟದ ಡಬ್ಬಿ ಬಿಚ್ಚಿರುವುದಿಲ್ಲ.

೯. ರೇಣವ್ವನವರ ನಿರಾಕರಣೆ: ದಿನಾಂಕ ೧೨ರಂದು ಶ್ರೀಮತಿ ರೇಣವ್ವ ಇವರಿಗೆ ಟೊಂಗೆ ಕತ್ತರಿಸುವ ಕತ್ತರಿಯನ್ನು ನೀಡಿ, ಸ್ವೀಕೃತಿಗೆ ಹೆಬ್ಬೆರಳು ಒತ್ತಿಸಿಕೊಳ್ಳಲಾಯಿತು. ಮರುದಿನ ಅವರು ಕತ್ತರಿಯನ್ನು ಅಧೀಕ್ಷಕರ ಮೇಜಿನ ಮೇಲಿಟ್ಟು ಕೊಟ್ಟ ಹೇಳಿಕೆಯನ್ನು ಶ್ರೀ ಶಂಕ್ರಪ್ಪನವರು ಬರೆದುಕೊಂಡಿರುತ್ತಾರೆ. ಈ ಸಲ ಯಾವ ಪದವನ್ನೂ ಬದಲಿಸಬಾರದೆಂದು ಅವರಿಗೆ ಸೂಚಿಸಲಾಗಿತ್ತು:

"ನಾ ತುಳಸಿಗೇರಿ ಕಡೇದಾಕಿರಿ, ಕುರಿ ಸಾಕೋ ಮನ್ಯಾಗ ಹುಟ್ಟಿದಾಕಿ. ಯಾವುದು ಹುಲ್ಲ ತಿಂತೈತಿ, ಯಾವುದು ಹುಳಾ ತಿಂತೈತಿ ಅಂತ ನನಗ ಕಾಗದದಾಗ ಬರದು ಕೊಡೂದು ಬ್ಯಾಡ್ರಿ. ಎರಡು ತಿಂಗಳಾತು, ದಿನಾ ನೀರ ಹೊಡೀತೇನಿ. ಅದು ಕಡದ್ರ ನಾ ಉಳಿಯೂದಿಲ್ಲ, ಅದು ಗೊತ್ತೈತ್ರಿ. ಅದರ ಜೀವಕ್ಕ ಅದು ಅಂಜತೈತಿ, ನನ್ನ ಜೀವಕ್ಕ ನಾ ಅಂಜತೇನಿ, ಇಬ್ಬರದೂ ಹೊಂದಿಕಿ ಆಗೇತಿ. ಪಂಚಮಿಗಿ ನನ್ನ ಕರ್ಯಾಕ ನಮ್ಮಣ್ಣ ಬಂಡೆಪ್ಪ ಬಂದಿದ್ದಾರಿ. ಎಲ್ಲಾ ಹೆಣ್ಮಕ್ಕಳನ್ನೂ ತವರಮನಿಯಿಂದ ಬಂದು ಕರಕೊಂಡು ಹೋದ್ರು. ಇದನ್ನ ಕರ್ಯಾಕ ಯಾರ್ ಬರಬೇಕ್ರಿ? ಯಾರೋ ಪೆಟಗಿಯೊಳಗ ಹಾಕಿ ಬಿಟ್ಟು ಹೋಗ್ಯಾರ. ಅದಕ ನಾನೂ ಹೋಗಲಿಲ್ಲ. ಇಬ್ಬರೂ ಇಲ್ಲೇ ಪಂಚಮಿ ಮಾಡಿದ್ವಿ. ಕೆಲಸದಿಂದ ತಗೀತೇನಿ ಅಂದ್ರ ತಗೀರಿ. ಗಿಡಾ ಆಗಿದ್ರ ಕತ್ತರಸ್ತಿದ್ದೆ. ಇದು ಗಿಡಾ ಅಲ್ರಿ. ಸಾಹೇಬ್ರ, ಇದು ಗಿಡಾ ಅಲ್ಲಂತ ನಿಮಗೂ ಗೊತ್ತೈತಿ."

ಸದರಿ ವಿಷಯ ಈ ಕಚೇರಿಗೂ ಗೊತ್ತಿರುತ್ತದೆ ಎಂಬುದನ್ನು ದಾಖಲಿಸಲು ನಿಗದಿತ ನಮೂನೆಯಲ್ಲಿ ಅಂಕಣವಿರುವುದಿಲ್ಲ.

೧೦. ತುಂಡರಿಸುವ ಮುನ್ನ ಪಾಲಿಸಬೇಕಾದ ಷರತ್ತುಗಳು: ಆದೇಶವನ್ನು ಮೀರಲು ಈ ಕಚೇರಿಗೆ ಅಧಿಕಾರವಿಲ್ಲ. ಆದರೆ ಆದೇಶವನ್ನು ಸರಿಯಾಗಿ ಪಾಲಿಸಬೇಕೆಂದು ಹಟ ಹಿಡಿಯಲು ಅಧಿಕಾರವಿದೆ. ಅದರಂತೆ, ನಾಲ್ಕು ಬೆರಳು ಎಂದರೆ ಯಾರ ಬೆರಳು ಎಂದು ತಿಳಿಯುವವರೆಗೆ ಕತ್ತರಿಸುವಂತಿಲ್ಲ. ಕತ್ತರಿಸುವ ಮೊದಲು ಗಿಡವನ್ನು ನೇರವಾಗಿ ಮಲಗಿಸಿ ಸೀಸಕಡ್ಡಿಯಿಂದ ಗೆರೆ ಎಳೆಯತಕ್ಕದ್ದೆಂದು ಕೈಪಿಡಿಯಲ್ಲಿ ಇರುವುದರಿಂದ, ಗೆರೆ ಎಳೆಯಲು ಸ್ವಇಚ್ಛೆಯಿಂದ ಮುಂದೆ ಬರುವವರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಲಾಗಿತ್ತು. ಪಟ್ಟಿಯಲ್ಲಿ ಒಂದು ಹೆಸರು ಬಿದ್ದಿದ್ದು, ಅದು ಆ ವಾರ ರಜೆಯಲ್ಲಿದ್ದ ನೌಕರರದೆಂದೂ, ಬರೆದವರು ಅವರಲ್ಲವೆಂದೂ ತಿಳಿದುಬಂದಿದೆ. ಕತ್ತರಿಯನ್ನು ಸಾಣೆಗೆ ಕಳಿಸಲಾಗಿತ್ತು. ಸಾಣೆಯವರು ಕೂಡಲಸಂಗಮಕ್ಕೆ ಹೋಗಿದ್ದರು. ಅವರು ಅಲ್ಲಿಂದ ಬೇಗ ಬರಬಾರದೆಂದು ಈ ಕಚೇರಿಯಲ್ಲಿ ಹಲವರು ಮನಸ್ಸಿನಲ್ಲಿಯೇ ಬೇಡಿಕೊಂಡಿರುತ್ತಾರೆ. ಆದರೂ ಅವರು ದಿನಾಂಕ ೧೮ಕ್ಕೆ ಬಂದರು, ಕತ್ತರಿ ಚೆನ್ನಾಗಿಯೇ ಹರಿತವಾಗಿತ್ತು.

ಈ ನಡುವೆ ದಿನಾಂಕ ೧೪ರಿಂದ ಹಾವಿನ ಕಣ್ಣುಗಳು ಬೆಳ್ಳಗೆ ಮಸುಕಾಗಿ, ಅದು ಹಲ್ಲಿಯನ್ನೂ ಮುಟ್ಟದಾಯಿತು. ಇದನ್ನು ತಿಳಿಸಿ ಬರೆದ ನಾಲ್ಕನೆಯ ಪತ್ರಕ್ಕೆ, ಇದು ಬೂಷ್ಟು ರೋಗ, ಬೋರ್ಡೋ ದ್ರಾವಣ ಹೊಡೆದು ಕೂಡಲೇ ಕತ್ತರಿಸಿ ಎಂಬ ಉತ್ತರ ಬಂದಿತು. ದ್ರಾವಣದ ಡಬ್ಬಿಯನ್ನು ರೇಣವ್ವನವರು ಎಲ್ಲಿ ಬಚ್ಚಿಟ್ಟಿದ್ದಾರೆಂದು ಇದುವರೆಗೂ ತಿಳಿದುಬಂದಿರುವುದಿಲ್ಲ. ಹುಡುಕಿರುವುದೂ ಇಲ್ಲ.

೧೧. ಕಂಡುಬಂದ ವಸ್ತು: ದಿನಾಂಕ ೧೯ರ ಬೆಳಿಗ್ಗೆ ಹತ್ತು ಗಂಟೆಗೆ ಕೊಂಬೆ ಎಣಿಸಲು ಹೋದ ಶ್ರೀ ಶಂಕ್ರಪ್ಪನವರು ಏಳು ಕೊಂಬೆ ಎಣಿಸಿ, ಏಳಾದರೆ ಏನು ಮಾಡಬೇಕೆಂದು ನಿಯಮ ಇಲ್ಲದ್ದರಿಂದ ಅಲ್ಲಿಯೇ ನಿಂತುಕೊಂಡಿದ್ದರು. ರೇಣವ್ವನವರು ಬಂದು ನೋಡಲಾಗಿ, ಆರನೆಯದು ಹಾವಾಗಿಯೂ, ಏಳನೆಯದು ಅದು ಬಿಟ್ಟ ಪೊರೆಯಾಗಿಯೂ ಇದ್ದವು. ಪೊರೆಯು ಮೂತಿಯಿಂದ ಬಾಲದ ತುದಿಯವರೆಗೆ ಎಲ್ಲಿಯೂ ಹರಿಯದೆ, ಒಣಹಾಕಿದ ಸೀರೆಯಂತೆ ಕೊಂಬೆಯಿಂದ ಇಳಿಬಿದ್ದಿತ್ತು. ಹಾವಿನ ಕಣ್ಣುಗಳು ತಿಳಿಯಾಗಿದ್ದವು. ಅದು ರೇಣವ್ವನವರ ಸೆರಗಿನ ಗಂಟನ್ನೇ ನೋಡುತ್ತಿತ್ತು. ಆ ಕ್ಷಣದಲ್ಲಿ ಈ ಕಚೇರಿಗೆ ಬಹಳ ಸಂತೋಷವಾಗಿರುತ್ತದೆ. ಇದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಹೀಗೆಯೇ ಬರೆಯಲಾಗಿದೆ.

ಉಲ್ಲೇಖ (ಇ)ನ್ನು ಪುನಃ ಪರಿಶೀಲಿಸಲಾಗಿ, ಅದರಲ್ಲಿ 'ಗಿಡದ ಭಾಗವನ್ನು ತುಂಡರಿಸಿ' ಎಂದಿದೆಯೇ ಹೊರತು, ಆ ಭಾಗದೊಳಗೆ ಗಿಡ ಇರಲೇಬೇಕೆಂದು ಎಲ್ಲಿಯೂ ಇರುವುದಿಲ್ಲ. ಪೊರೆಯು ಸದರಿ ಗಿಡದ್ದೇ ಭಾಗವಾಗಿದ್ದು, ಗಿಡವೇ ತಾನಾಗಿ ಬಿಟ್ಟುಕೊಟ್ಟಿರುವುದರಿಂದ ಅದರ ಒಪ್ಪಿಗೆಯೂ ಸಿಕ್ಕಂತಾಗಿದೆ. ಅದರಂತೆ ನಿನ್ನೆ ಮಧ್ಯಾಹ್ನ, ಎಲ್ಲ ಸಿಬ್ಬಂದಿಯ ಸಮಕ್ಷಮದಲ್ಲಿ, ಅದೇ ಕತ್ತರಿಯಿಂದ, ಶ್ರೀಮತಿ ರೇಣವ್ವ ಇವರೇ ತಮ್ಮ ಕೈಯಾರೆ ಕೋಲು ಹಾಕಿ ಮೇಲಿನ ಕಿಂಡಿಯಿಂದ ಹೊರತೆಗೆದ ಪೊರೆಯಲ್ಲಿ ತಮ್ಮ ನಾಲ್ಕು ಬೆರಳಿನ ಅಳತೆಯ ಮೂರು ತುಂಡು ಕತ್ತರಿಸಿರುತ್ತಾರೆ. ಆದೇಶ ಪಾಲನೆಯಾಗಿದೆ. ಕತ್ತರಿ ಹಿಡಿಯಲು ಒಪ್ಪದವರೆಂಬ ಆರೋಪವು ಅವರ ಮೇಲೆ ಉಳಿದಿರುವುದಿಲ್ಲವಾದ್ದರಿಂದ, ಅವರ ಹೆಸರು ಪಟ್ಟಿಯಲ್ಲಿ ಇದ್ದಲ್ಲಿಯೇ ಇರತಕ್ಕದ್ದು. ಉಳಿದ ಪೊರೆಯನ್ನು ಮುಂದಿನ ಐದು ವರ್ಷಗಳ ಗುರಿಗಾಗಿ ಕಪಾಟಿನಲ್ಲಿ ಭದ್ರಪಡಿಸಲಾಗಿದೆ.

ಈ ಪಾಲನೆಯ ವರದಿಯನ್ನು ಸಭಾಂಗಣದಲ್ಲಿ ಓದಿದಾಗ ಗಡಿಯಾರದ ಹಿಂದಿನ ಹಲ್ಲಿ ಎರಡು ಸಲ ಲೊಚಗುಟ್ಟಿರುತ್ತದೆ.

೧೨. ಶಾಖೆಗಳಿಗೆ ಸೂಚನೆ: ತುಂಡುಗಳನ್ನು ತಲುಪಿದ ದಿನವೇ ಕುಂಡದಲ್ಲಿ ನೆಟ್ಟು, ವಾರಕ್ಕೆರಡು ಸಲ ನೀರು ಹಾಕತಕ್ಕದ್ದು. ಅವು ಚಿಗುರುವುದಿಲ್ಲ. ಚಿಗುರದಿರುವ ಬಗ್ಗೆ ಪ್ರತಿ ತಿಂಗಳು ಐದನೆಯ ತಾರೀಖಿನೊಳಗೆ ನೇರವಾಗಿ ಪ್ರಧಾನ ಕಚೇರಿಗೆ ಬರೆಯತಕ್ಕದ್ದು. ಏನೇ ಉತ್ತರ ಬಂದರೂ ಕುಂಡಕ್ಕೆ ಹಾಲು ಎರೆಯಬಾರದು, ಛಾಯಾಚಿತ್ರ ತೆಗೆಯಬಾರದು.

(ಸಹಿ ಇದೆ. ಎರಡು ಸಲ ಇದೆ. ಮೊದಲನೆಯದನ್ನು ಹಾಕಿದ ಮೇಲೆ ಕಂಡಿಕೆ ೧೧ನ್ನು ಇನ್ನೊಮ್ಮೆ ಓದಲಾಯಿತು.)
ಪ್ರಭುಲಿಂಗ
ಅಧೀಕ್ಷಕರು (ಪ್ರಭಾರ)
ಜಿಲ್ಲಾ ಸಸಿಪಾಲನಾ ಕೇಂದ್ರ, ಬಾಗಲಕೋಟೆ

ಪ್ರತಿಗಳು:

೧. ಪ್ರಧಾನ ಕಚೇರಿ, ಬೆಂಗಳೂರು: ಪಾಲನಾ ವರದಿಯೊಂದಿಗೆ. ಪೀಠಿಕೆ ಹಾಗೂ ಕಂಡಿಕೆ ೧ರಿಂದ ೧೨ರವರೆಗಿನ ಪುಟಗಳು ಮುದ್ರಣ ಯಂತ್ರದ ದೋಷದಿಂದ ಈ ಪ್ರತಿಯಲ್ಲಿ ಬಂದಿರುವುದಿಲ್ಲ.

೨. ಬಾದಾಮಿ ಶಾಖೆ: ತುಂಡು ಸಂಖ್ಯೆ ಒಂದರೊಂದಿಗೆ (ಬಾಲದ ಕಡೆಯದು). ಇದನ್ನು ಎರಡು ತುಂಡೆಂದು ತೋರಿಸಬಾರದು.

೩. ಹುನಗುಂದ ಶಾಖೆ: ತುಂಡು ಸಂಖ್ಯೆ ಎರಡರೊಂದಿಗೆ (ಹೊಟ್ಟೆಯ ಕಡೆಯದು). ನಮಸ್ಕಾರ ಮಾಡುವ ಅಗತ್ಯವಿಲ್ಲ.

೪. ಇಲಕಲ್ ಶಾಖೆ: ತುಂಡು ಸಂಖ್ಯೆ ಮೂರರೊಂದಿಗೆ. ಇದು ಎರಡು ಕಣ್ಣಿರುವ ತುಂಡು. ಬಂದ ಊರಿಗೇ ಕಣ್ಣುಗಳನ್ನು ಕಳಿಸುವುದು ಸೂಕ್ತವೆನಿಸಿತು.

೫. ಶ್ರೀಮತಿ ಜುಲೇಖಾ, ವಿಜ್ಞಾನ ಶಿಕ್ಷಕಿ, ಹುನಗುಂದ: ವಂದನೆಗಳೊಂದಿಗೆ. ಈ ಜೀವಿಯನ್ನು ಹಾವೆಂದು ಒಪ್ಪಿ ಇಟ್ಟುಕೊಳ್ಳುವ ಜಾಗ ಎಲ್ಲಿಯಾದರೂ ಇದ್ದರೆ ತಿಳಿಸಲು ಕೋರಿದೆ.

೬. ಶ್ರೀ ಶಂಕ್ರಪ್ಪ, ಪ್ರಥಮ ದರ್ಜೆ ಸಹಾಯಕರು: ಏಳು ಕೊಂಬೆ ಕಂಡರೆ ಏನು ಮಾಡಬೇಕೆಂಬ ನಿಯಮದ ಕರಡು ತಯಾರಿಸಲು.

೭. ಶ್ರೀಮತಿ ರೇಣವ್ವ: ಇವರಿಗೆ ಓದಲು ಬಾರದ ಕಾರಣ ಸುತ್ತೋಲೆಯನ್ನು ಪಂಜರದ ಬಳಿ ನಿಂತು ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಹೆಸರಿಟ್ಟು ಕರೆಯಬಾರದೆಂಬ ವಾಕ್ಯ ಬಂದಾಗ ಓದುವವರು ಕೆಮ್ಮತಕ್ಕದ್ದು.

೮. ಒಂದು ಹೆಚ್ಚುವರಿ ಪ್ರತಿ, ರೇಣವ್ವನವರ ವಶದಲ್ಲಿ: ಮುಂದಿನ ಪಂಚಮಿಗೆ ಪರದೇಶವ್ವನನ್ನು ಕರೆಯಲು ತವರಿನಿಂದ ಯಾರಾದರೂ ಬಂದಲ್ಲಿ ತೋರಿಸಲು.